ಗುರುವಾರ ನೀನು ಎಲ್ಲಿಗೆ ಹೋಗ್ತಿದ್ದೆ ಅಪ್ಪಾ?

ನನ್ನಪ್ಪನಿಗೆ,

ಆಪರೇಷನ್ ಆಗಿ ನಾಲ್ಕು ತಿಂಗಳಾಗಿತ್ತು. ನೀನು ಪ್ರತಿ ಗುರುವಾರ ಗಡ್ಡ ಕೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ ಮನೆ ಬಿಡೋಕೆ ಶುರು ಮಾಡಿದೆ. ಎಲ್ಲಿಗೆ ಅಂತ ಕೇಳಿದ್ರೆ ಸ್ಲೇಟಿನ ಮೇಲೆ 'ತರೀಕೆರೆ, ಕೆಲಸ' ಅಂತ ಬರೀತಿದ್ದೆ, ಅಷ್ಟೇ. ಗಂಟಲಿನ ಕ್ಯಾನ್ಸರ್ ಅಂತ ಡಾಕ್ಟರು ನಿನ್ನ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ರು. ಕಡೂರು ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಊರುಗಳ ಹೆಸರು ಕೂಗಿ ಜನ ಹತ್ತಿಸಿದ ಏಜೆಂಟು ನೀನು. ಮಾತೇ ಹೋದವನಿಗೆ ತರೀಕೆರೆಯಲ್ಲಿ ಏನು ಕೆಲಸ?

ಒಂದಿನ ನಿನ್ನ ಬ್ಯಾಗ್ ಒಗೆಯೋಕೆ ತೆಗೆದೆ. ಉಸಿರಾಡೋಕೆ ಅಂತ ಕುತ್ತಿಗೆಯಲ್ಲಿ ಮಾಡಿದ್ದ ತೂತಿನ ಮೇಲೆ ಕಟ್ಟಿಕೊಳ್ಳೋ ಬಟ್ಟೆಗಳು ಸಿಕ್ಕವು. ನಾನು ಹೊಲಿದು ಕೊಟ್ಟವಲ್ಲ. ಅಂಚಿಗೆಲ್ಲ ನೀಲಿ ದಾರದ ಹೂವು. ನಾನು ಟೈಲರ್ ಅಪ್ಪಾ, ನನಗೆ ತಿಳಿಯಲ್ವಾ? ಯಾರೋ ಹೆಂಗಸು ಪುರುಸೊತ್ತಾಗಿ ಕೂತು ಹಾಕಿದ ಕೈಹೊಲಿಗೆ ಅದು. ಅಮ್ಮನಿಗೆ ತೋರಿಸಿದೆ. ತೋರಿಸಬಾರದಿತ್ತೇನೋ... "ಯಾರೇ ಅವಳು?" ಅಂದಳು ಅಮ್ಮ. ಅವತ್ತಿನಿಂದ ನಿನ್ನ ತಟ್ಟೆಗೆ ಬಡಿಸುವಾಗ ಸೌಟು ಜೋರಾಗಿ ತಗುಲ್ತಿತ್ತು. ನಿನಗೆ ಗೊತ್ತಾಗಿತ್ತಾ?

ಕಾಯಿಲೆ ಮತ್ತೆ ಶ್ವಾಸಕೋಶದಲ್ಲಿ ಕಾಣಿಸಿಕೊಂಡು ನೀನು ಹೊರಟೇಹೋದೆ. ಹನ್ನೊಂದನೇ ದಿನದ ತಿಥಿಗೆ ಐವತ್ತರ ಹತ್ತಿರದ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು, "ರಂಗಪ್ಪ ಮೇಷ್ಟ್ರ ಮನೆ ಇದೇ ಅಲ್ವೇನ್ರೀ?" ಅಂದರು. ಮೇಷ್ಟ್ರು! ಐದನೇ ಕ್ಲಾಸ್ ದಾಟದ ನೀನು? ಅಮ್ಮ ಒಳಗಿಂದಲೇ, "ಅಂಥ ಮೇಷ್ಟ್ರು ಯಾರೂ ಇಲ್ಲ ಇಲ್ಲಿ" ಅಂದುಬಿಟ್ಟಳು. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. "ನಾನು ಶಾರದಮ್ಮ ಅಂತ. ಒಂದು ಗುರುವಾರ ತರೀಕೆರೆಗೆ ಬಾಮ್ಮ" ಅಂತ ನನ್ನ ಕೈಗೆ ವಿಳಾಸದ ಚೀಟಿ ಕೊಟ್ಟು ಹೋದರು.

ಇವರ ಬಂಡವಾಳ ಏನು ಅಂತ ನೋಡೇಬಿಡೋಣ ಅಂತಲೇ ಹೋದೆ. ಹಳೇ ಶಾಲೆಯ ಒಂದು ಕೋಣೆ, ಹದಿನೈದು ಜನ. ಮೊದಲು ಗೋಡೆ ನೋಡಿದೆ. ಯಾವ ಪಕ್ಷದ ಚಿಹ್ನೆ, ಯಾವ ಸ್ವಾಮಿಯ ಫೋಟೋ? ಮೇಜಿನ ಕೆಳಗೆ ಮಾರೋಕೆ ಇಟ್ಟ ಪುಡಿ ಡಬ್ಬ ಇದೆಯಾ? ಏನೂ ಇರಲಿಲ್ಲ. ಅದಕ್ಕೇ ಅನುಮಾನ ಇನ್ನೂ ಜಾಸ್ತಿಯಾಯ್ತು. ಕೊಟ್ಟ ಟೀ ಕುಡೀಲಿಲ್ಲ. ಕಿಮೋ ಆದಮೇಲೆ ಬಾಯಿ ಹುಣ್ಣಾದ್ರೆ ಏನು ತಿನ್ನಬೇಕು, ಆಸ್ಪತ್ರೆಯ ಕಾಗದ ಹೇಗೆ ಓದಬೇಕು, ಎದೆಯಲ್ಲಿ ಗಂಟು ಸಿಕ್ಕರೆ ನಾಚಿಕೊಂಡು ಕೂರಬೇಡಿ... ಇದೇ ಮಾತು. ಇಷ್ಟಕ್ಕೆ ಅಜ್ಜಂಪುರದಿಂದೆಲ್ಲ ಜನ ಬರ್ತಾರಾ? ಶಾರದಮ್ಮನೂ ಗಂಡನನ್ನು ಇದೇ ಕಾಯಿಲೆಗೆ ಕಳೆದುಕೊಂಡವರಂತೆ. ಕುತ್ತಿಗೆಗೆ ಆಪರೇಷನ್ ಆದವರ ಬಟ್ಟೆ ಮೇಲೆಲ್ಲ ಅದೇ ನೀಲಿ ಹೂವು, ಶಾರದಮ್ಮನದೇ ಕೈಹೊಲಿಗೆ.

ಮೂಲೆಯಲ್ಲಿ ಗಫಾರ್ ಸಾಬರು ಕೂತಿದ್ದರು. ನಿನಗೆ ಆದ ಆಪರೇಷನ್ನೇ ಅವರಿಗೂ ಆಗಿತ್ತು. ಗಾಳಿ ನುಂಗಿ, ತೇಗಿನ ಜೊತೆಗೇ "ಕ... ಡೂರು" ಅಂದರು.

"ನಿಮ್ಮಪ್ಪ ಕಲಿಸಿದ್ದು ಕಣಮ್ಮ" ಅಂದರು ಶಾರದಮ್ಮ. "ಅವರು ಆಸ್ಪತ್ರೇಲಿ ಕಲಿತಿದ್ರಲ್ಲ, ತೇಗಿನಲ್ಲೇ ಮಾತು ತೆಗೆಯೋದು. ಕ, ತ, ಪ ಮೊದಲು ಬರ್ತವೆ ಅಂತ ಕಡೂರು, ತರೀಕೆರೆ ಅಂತ ಕೂಗಿಸೋರು."

"ಅಪ್ಪ... ಮಾತಾಡ್ತಿದ್ರಾ?"

"ಯಾಕಮ್ಮ, ಮನೇಲಿ ಆಡ್ತಿರಲಿಲ್ವಾ?"

ಆಗ ನೆನಪಾಯ್ತು ಆ ಮಧ್ಯಾಹ್ನ. ಊಟಕ್ಕೆ ಕೂತವನು ಜೋರಾಗಿ ತೇಗಿದೆ. ಮತ್ತೊಮ್ಮೆ ತೇಗಿ ನನ್ನನ್ನೇ ನೋಡಿದೆ. "ಥೂ, ತಟ್ಟೆ ಮುಂದೆ ಇದೇನಪ್ಪಾ" ಅಂದೆ ನಾನು. ನೀನು ಸ್ಲೇಟು ಎಳೆದುಕೊಂಡು 'ಸಾರು' ಅಂತ ಬರೆದೆ. ನೀನು ಹೇಳೋಕೆ ಹೊರಟಿದ್ದು ಸಾರು ಅಂತ ಅಲ್ಲ, ಅಲ್ವಾ? ಏನಾಗಿತ್ತು ಅದು? ನನ್ನ ಹೆಸರೇ ಆಗಿದ್ದರೆ...

ಅಮ್ಮನಿಗೆ ಹೇಳಿದಾಗ ಅವಳು ನಂಬಲಿಲ್ಲ. "ನನ್ ಹತ್ರ ಒಂದು ಮಾತೂ ಆಡದವನು ಊರವರಿಗೆಲ್ಲ ಕಲಿಸಿದ್ನಾ?" ಅಂದಳು. ಸಂಜೆ ನೋಡಿದರೆ ಆ ಬಟ್ಟೆಗಳನ್ನೆಲ್ಲ ಒಗೆದು ಹರವಿದ್ದಳು. "ಅಲ್ಲಿಗೇ ಕೊಡು, ಯಾರಿಗಾದ್ರೂ ಆಗ್ತವೆ."

ಈಗ ಗುರುವಾರ ತರೀಕೆರೆಗೆ ನಾನು ಹೋಗ್ತೀನಿ ಅಪ್ಪಾ. ಹೋದ ಗುರುವಾರದ ಸುದ್ದಿ ಹೇಳ್ತೀನಿ ಕೇಳು. ಗಫಾರ್ ಸಾಬರ ಹೆಂಡತಿ ನೂರ್‌ಜಾನ್ ಗಂಡನ ಬೆನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದರು. "ಇವರು ವಾರವಾರ ಇಲ್ಲಿ ಏನ್ ಮಾಡ್ತಾರಮ್ಮಾ? ಮನೇಲಿ ಬರೀ ಕೈಸನ್ನೆ" ಅಂದರು. ಸಾಬರೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ ಅಪ್ಪಾ, ನಿನ್ನ ಹಾಗೇ. ನಾನು ನೂರ್‌ಜಾನ್ ಕೈಹಿಡಿದು ಕರೆತಂದು ಗಂಡನ ಎದುರಿಗೇ ಕೂರಿಸಿದೆ. "ಎಂಥ ಸದ್ದು ಬಂದ್ರೂ ಮುಖ ಸಿಂಡರಿಸಬೇಡಿ ಕಣ್ರೀ. ಸುಮ್ನೆ ಕಾಯ್ತಾ ಇರಿ."

ಸಾಬರು ನೆಲ ನೋಡ್ತಾ ಗಾಳಿ ನುಂಗಿದರು. ಒಂದು ತೇಗು. ಇನ್ನೊಂದು. ಮೂರನೆಯದಕ್ಕೆ ಹೆಂಡತಿಯ ಮುಖ ನೋಡಿ "ಪಾನಿ" ಅಂದರು.

ನೂರ್‌ಜಾನ್ ಲೋಟ ತುಂಬಿ ಕೊಟ್ಟರು. ಸಾಬರಿಗೆ ನಿಜಕ್ಕೂ ಬಾಯಾರಿತ್ತಾ ಅಂತ ನನಗೆ ಈಗಲೂ ಅನುಮಾನ. ಒಂದು ಹನಿ ಬಿಡದೆ ಕುಡಿದರು.

ನಿನ್ನ ಗೌರಿ