ಟವೆಲಿನಲ್ಲಿ ಸುತ್ತಿಟ್ಟ ಫೋನು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಅಮ್ಮ ಹೋದ ಮೇಲೆ ನೀನು ಬರೆದ ಮೊದಲ ಪತ್ರ ಅದು, ಅದರಲ್ಲಿದ್ದದ್ದು ಒಂದೇ ಸಾಲು: "ಅಮ್ಮ ಹೋಗಿ ವರ್ಷ ಆಗ್ತಾ ಬಂತು, ಮನೆಗೆ ಬರ್ತೀಯೋ, ಈ ಸಲಾನೂ ಸಮುದ್ರಕ್ಕೆ ಹೋಗ್ತೀಯೋ?" ಓದಿ, ಮಡಚಿ, ಸಕ್ಕರೆ ಡಬ್ಬದ ಕೆಳಗಿಟ್ಟೆ. ಹೌದಕ್ಕ, ಈ ಸಲವೂ ಹೋಗಿದ್ದೆ. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಸಮುದ್ರ. ಅದೇ ಗೆಳತಿಯರು.

ಸಿಟ್ಟು ಬಂತೇ? ಬರಲಿ. ಪೂರ್ತಿ ಓದು.

ನಾವು ನಾಲ್ವರೂ ಆಸ್ಪತ್ರೆಯ ಲಾಂಡ್ರಿಯವರೆಂದು ನಿನಗೆ ಗೊತ್ತು. ಅದರಲ್ಲಿ ಹರಟೆಮಲ್ಲಿ ಎಂದು ನಾವು ಕರೆಯುವವಳು ಮಡಚುವ ಮೇಜಿನಲ್ಲಿ ನನ್ನ ಎದುರು ನಿಲ್ಲುತ್ತಾಳೆ. ಬೆಡ್‌ಶೀಟಿನ ಎರಡು ತುದಿ ನನ್ನ ಕೈಯಲ್ಲಿ, ಎರಡು ಅವಳ ಕೈಯಲ್ಲಿ. ಕೆಲಸದ ಹೊತ್ತಿನಲ್ಲಿ ಫೋನು ಸದ್ದು ಮಾಡಿದರೆ ಸೂಪರ್‌ವೈಸರ್ ಕಿತ್ತುಕೊಳ್ಳುತ್ತಾನೆ. ಅದಕ್ಕೇ ಯಾರದೇ ಫೋನು ಬಡಿದುಕೊಳ್ಳಲಿ, ಹರಟೆಮಲ್ಲಿ ಅದನ್ನು ಟವೆಲಿನಲ್ಲಿ ಸುತ್ತಿ ರಾಶಿಯ ಅಡಿಗೆ ತುರುಕುತ್ತಾಳೆ. ಅವಳಿಗೆ ಅದು ಕೈಗೆ ಅಂಟಿದ ಚಟ.

ನಮ್ಮದೊಂದು ಕಟ್ಟಳೆ ಇದೆ. ಬೆಟ್ಟದ ತುದಿಗೆ ಕೊನೆಗೆ ಬಂದವಳು ನೀರಿಗಿಳಿಯುವಂತಿಲ್ಲ, ದಡದಲ್ಲಿ ಕೂತು ಎಲ್ಲರ ಚೀಲ, ಚಪ್ಪಲಿ, ಫೋನು ಕಾಯಬೇಕು. ಹೋದ ವರ್ಷ ಕಾದವಳು ಹರಟೆಮಲ್ಲಿ. ನಾನು ನೀರಿನಿಂದ ಬಂದಾಗ ಫೋನು ಚೀಲದ ತಳದಲ್ಲಿತ್ತು, ನಿನ್ನ ಕರೆಗಳು ಅದರಲ್ಲಿ ಸಾಲುಗಟ್ಟಿದ್ದವು. "ಸದ್ದೇ ಮಾಡ್ಲಿಲ್ಲ ಕಣೇ, ನಾನು ಪಕ್ಕದಲ್ಲೇ ಕೂತಿದ್ನಲ್ಲ" ಅಂದಳು. ನಂಬಿದೆ. ಬಿದ್ದೆನೋ ಎದ್ದೆನೋ ಎಂದು ಓಡಿ ಬಂದೆ. ಅಷ್ಟರಲ್ಲಿ ಅಮ್ಮ ನನ್ನನ್ನು ಕರೆದೂ ಕರೆದೂ ಸುಮ್ಮನಾಗಿದ್ದಳು.

ಹೋದ ತಿಂಗಳು ಕೆಲಸಕ್ಕೆ ಹೊಸದಾಗಿ ಸೇರಿದವಳ ಫೋನು ಬಡಿದುಕೊಂಡಿತು. ಹರಟೆಮಲ್ಲಿ ಅದಕ್ಕೆ ಟವೆಲು ಸುತ್ತುತ್ತ, ನನ್ನತ್ತ ಕಣ್ಣು ಹಾಯಿಸಿ ನಕ್ಕಳು. "ಬೀಚಲ್ಲೂ ನಂದು ಇದೇ ಕೆಲ್ಸ. ಇವಳ ಫೋನು ಬಡ್ಕೊಂಡು ಬಡ್ಕೊಂಡು ನಿದ್ದೆ ಕೆಡಿಸ್ತಿತ್ತು, ಸುತ್ತಿ ಮಲಗಿಸ್ಬಿಟ್ಟೆ." ಮರುಕ್ಷಣ ನಾಲಿಗೆ ಕಚ್ಚಿಕೊಂಡಳು. ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ಕೇಳಿಸದವಳಂತೆ ಬೆಡ್‌ಶೀಟಿನ ತುದಿ ಹಿಡಿದೇ ಇದ್ದೆ. "ಈ ವರ್ಷ ಬೆಟ್ಟಕ್ಕೆ ಯಾವಾಗ ಹೋಗೋಣ?" ಎಂದು ನಾನೇ ಕೇಳಿದೆ.

ಬೆಟ್ಟದಲ್ಲಿ ಬೇಕೆಂದೇ ಹಿಂದೆ ಬಿದ್ದೆ, ಮೊಣಕಾಲು ಹಿಡಿದು ನರಳಿದೆ. ಹರಟೆಮಲ್ಲಿ ಕೆಳಗಿಳಿದು ಬಂದು ಕೈ ಕೊಟ್ಟಳು, ನೀರು ಕುಡಿಸಿದಳು. ಕುಡಿದೆ, ಹೊಟ್ಟೆಯ ಬೆಂಕಿ ಆರಲಿಲ್ಲ. ತುದಿಯಿಂದ ಸಮುದ್ರ ಚೆನ್ನಾಗಿ ಕಾಣುತ್ತದೆ ಎಂದು ಉಳಿದವರು ಕುಣಿದಾಡಿದರು. ನನ್ನ ಕಣ್ಣು ಅವಳ ಫೋನಿನ ಮೇಲೇ ಇತ್ತು. ಅದನ್ನು ನೀರಿಗೆ ಎಸೆಯುವುದೆಂದು ತೀರ್ಮಾನಿಸಿಯೇ ಹೊರಟಿದ್ದೆ.

ಅವರು ಮೂವರೂ ಅಲೆಗಳಿಗೆ ಇಳಿದ ಮೇಲೆ ಅದನ್ನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಬಡಿದುಕೊಂಡಿತು. ಅವಳಮ್ಮ. ಅವಳಿಗೆ ಅಮ್ಮನೆಂದರೆ ಪ್ರಾಣ, ಅಮ್ಮ ಮುಖ ತಿರುಗಿಸಿದರೆ ಅವತ್ತು ಊಟ ಸೇರುವುದಿಲ್ಲ. ಟವೆಲಿನಲ್ಲಿ ಸುತ್ತಿದೆ. ಹೌದು, ಸುತ್ತಿದೆ. ಒಳಗೆ ಅದು ಗುಂಯ್ ಎನ್ನುತ್ತಲೇ ಇತ್ತು. ಅಂದು ನೀನೂ ಹೀಗೇ ಕರೆಯುತ್ತಿದ್ದೆಯಲ್ಲ ಅನಿಸಿತು. ಬಿಚ್ಚಿ ಎತ್ತಿಕೊಂಡೆ.

"ರಾತ್ರಿ ಊಟಕ್ಕೆ ಬರ್ತಾಳಾ ಅಂತ ಕೇಳೋಕೆ ಮಾಡ್ದೆ" ಅಂದರು ಮುದುಕಿ.

"ನೀರಲ್ಲಿದ್ದಾಳಮ್ಮ, ಕರೀತೀನಿ. ನಾನಾದ್ರೂ ಫೋನ್ ಎತ್ತಿದೆ. ಹೋದ ವರ್ಷ ನಮ್ಮಮ್ಮ ಸಾಯ್ತಾ ಇದ್ದಾಗ ನಂಗೆ ಬಂದ ಫೋನನ್ನ ನಿಮ್ ಮಗಳು ಟವೆಲಲ್ಲಿ ಸುತ್ತಿಟ್ಟು ನಿದ್ದೆ ಮಾಡಿದ್ಲು. ಸದ್ದೇ ಮಾಡ್ಲಿಲ್ಲ ಅಂತ ಸುಳ್ಳೂ ಹೇಳಿದ್ಲು."

ಮುದುಕಿಯ ದನಿ ಗಡುಸಾಯಿತು. "ಅವಳಿಗೆ ಕೊಡಮ್ಮ ಫೋನ್ನ."

ಕೂಗಿದೆ. ಹರಟೆಮಲ್ಲಿ ಕೂದಲು ಹಿಂಡುತ್ತ, ನಗುತ್ತ ಬಂದು "ಹೇಳಮ್ಮಾ" ಅಂದಳು. ಆಮೇಲೆ ಬರೀ ಕೇಳಿದಳು. ಅವಳಮ್ಮ ಏನಂದರೋ ನನಗೆ ತಿಳಿಯದು, ಇವಳ ಮುಖ ಬಿಳಿಚಿಕೊಂಡದ್ದು ಮಾತ್ರ ಕಂಡೆ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಹರಟೆಮಲ್ಲಿಯ ಬಾಯಿಗೆ ಬೀಗ. ನಾನು ಪಕ್ಕದಲ್ಲೇ ಕೂತು ಬಿಸ್ಕತ್ತು ತಿಂದೆ. ವರ್ಷವಾದ ಮೇಲೆ ನಾಲಿಗೆಗೆ ರುಚಿ ಹತ್ತಿತ್ತು. ಪಾಪ ಅನ್ನಬೇಡ, ನನಗೆ ಅನಿಸಲಿಲ್ಲ.

ನಾಳೆಯೂ ಬೆಡ್‌ಶೀಟಿನ ಆ ಎರಡು ತುದಿ ಅವಳ ಕೈಯಲ್ಲೇ. ನಾನು ಜಾಗ ಬದಲಿಸುವುದಿಲ್ಲ. ದಿನಾ ನನ್ನ ಮುಖ ನೋಡಲಿ.

ಭಾವನಿಗೆ ನಮಸ್ಕಾರ. ನಿನ್ನ ಹೆಣ್ಣುಮಕ್ಕಳಿಬ್ಬರೂ ನೂರು ಕಾಲ ಬಾಳಲಿ, ಒಬ್ಬಳ ಮಾತನ್ನು ಇನ್ನೊಬ್ಬಳು ನಂಬಿಕೊಂಡು ಬಾಳಲಿ.

ಇಂತಿ,
ನಿನ್ನ ತಂಗಿ

ತಾ.ಕ.: ಅವಳದು ಮುಗಿಯಿತು, ನಿನ್ನದು ಬಾಕಿ ಇದೆ. ಅಂದು ನಾನು ಒದ್ದೆ ಕೂದಲಲ್ಲೇ ಬಂದು "ಫೋನು ಸದ್ದು ಮಾಡ್ಲಿಲ್ಲಕ್ಕ" ಎಂದು ಅತ್ತಾಗ, ನೀನು ಎಲ್ಲರೆದುರು "ಬೇಕಂತಲೇ ಎತ್ತಲಿಲ್ಲ, ಸುಳ್ಳುಬುರುಕಿ" ಅಂದೆ. ಅಮ್ಮನ ಮುಖ ಮುಟ್ಟಲೂ ಬಿಡಲಿಲ್ಲ. ಹರಟೆಮಲ್ಲಿಗೆ ನಾನು ಗೊತ್ತಿರುವುದು ಕೆಲಸದ ಮೇಜಿನಿಂದ ಮಾತ್ರ. ನೀನು ನನ್ನನ್ನು ಎತ್ತಿ ಆಡಿಸಿದವಳು. ಮನೆಗೆ ಬರುತ್ತೇನೆ ಅಕ್ಕ. ಅಂದು ಅಲ್ಲಿ ಯಾರೆಲ್ಲ ಇದ್ದರೋ ಅವರನ್ನೆಲ್ಲ ಕರೆಸಿಡು. ಈ ಪತ್ರವನ್ನು ಅವರ ಮುಂದೆ ನೀನೇ ಓದಬೇಕು, ಎಲ್ಲರಿಗೂ ಕೇಳುವ ಹಾಗೆ.