ಶುಕ್ರವಾರಕ್ಕೊಂದು ಚಿಲಕ

ಅಮ್ಮಾನ್, ಸೆಪ್ಟೆಂಬರ್ ೧೪, ಭಾನುವಾರ

ಮೊನ್ನೆ ಶುಕ್ರವಾರ ಉಮ್ಮ್ ಸುಫ್ಯಾನ್ ಎಂಬ ವಯಸ್ಸಾದ ರೋಗಿ ಮಾದಬಾ ಊರಿನಿಂದ ಬಸ್ಸು ಬದಲಿಸಿ ಬಂದು, ಬೀಗ ಹಾಕಿದ ಕಣ್ಣಾಸ್ಪತ್ರೆಯ ಮೆಟ್ಟಿಲ ಮೇಲೆ ಜುಮ್ಮಾ ನಮಾಜು ಮುಗಿಯುವವರೆಗೂ ಕೂತಿದ್ದರಂತೆ. ವೈದ್ಯರ ಭೇಟಿಗೆ ಅವರಿಗೆ ಆ ದಿನ ಕೊಟ್ಟಿದ್ದು ಆಸ್ಪತ್ರೆಗೆ ನಾವು ಮಾಡಿಕೊಟ್ಟ ತಂತ್ರಾಂಶವೇ. ಬೆಳಗಿನಿಂದ ಅದೇ ಕೊರೆಯುತ್ತಿದೆ.

ಕೋಡ್ ಬರೆಯುವ ನಮ್ಮ ಎಐ ಸಹಾಯಕನಿಗೆ ವಾರದ ರಜೆ ಎಂದರೆ ಶನಿವಾರ, ಭಾನುವಾರ. ಇಲ್ಲಿ ಶುಕ್ರವಾರ, ಶನಿವಾರ ಎಂದು ಸೂಚನೆಗಳ ಕಡತದಲ್ಲಿ ಬರೆದೇ ಇಟ್ಟಿದ್ದೇವೆ. ಓದುತ್ತದೆ, ಒಪ್ಪುತ್ತದೆ, ಕೆಲಸ ಉದ್ದವಾದಾಗ ಮರೆತು ಮತ್ತೆ ಶುಕ್ರವಾರವನ್ನು ಭೇಟಿಗೆ ತೆರೆದಿಡುತ್ತದೆ.

"ಇನ್ನೊಂದ್ಸಲ ದಪ್ಪಕ್ಷರದಲ್ಲಿ ಬರಿ, ಲುಜೈನ್," ಎಂದ ಜೊತೆಗಾರ ಗಸ್ಸಾನ್.

"ನಿನ್ ತಮ್ಮಂಗೆ ಜೋರಾಗಿ ಹೇಳಿದ್ರೆ ಕೇಳ್ತಾನಾ?"

"ಹಾಗಾದ್ರೆ ಅದನ್ನ ಇಲ್ಲಿನ ರಜೆಗಳಿರೋ ಹೊರಗಿನ ಕ್ಯಾಲೆಂಡರಿಗೆ ಜೋಡಿಸೋಣ."

"ಕ್ಯಾಲೆಂಡರ್ ನೋಡೋದೂ ಬಿಡೋದೂ ಸಹಾಯಕನ ಇಷ್ಟ ತಾನೆ?"

ಹೇಳುವುದು ಬೇರೆ, ತಡೆಯುವುದು ಬೇರೆ. ಬರೆಯುವ ರೀತಿನೀತಿಯೆಲ್ಲ ಸೂಚನೆಯಲ್ಲಿರಲಿ. ತಪ್ಪಲೇಬಾರದ್ದಕ್ಕೆ ಚಿಲಕವೇ ಬೇಕು. ಸಂಜೆ ಹಾಕಿಯೇಬಿಟ್ಟೆ. ಇನ್ನು ಸಹಾಯಕ ಕೋಡ್ ತಿದ್ದಿದಾಗಲೆಲ್ಲ ನನ್ನ ಪುಟ್ಟ ತಪಾಸಣೆ ತಾನಾಗಿ ನಡೆಯುತ್ತದೆ. ಶುಕ್ರವಾರ ತೆರೆದಿದ್ದರೆ ಮುಂದೆ ಬಿಡುವುದಿಲ್ಲ. ಬೇಕೆಂದೇ ತೆರೆಯಲು ಹೇಳಿ ನೋಡಿದೆ. ಅಲ್ಲೇ ನಿಂತಿತು.

"ಅದರ ಮೇಲೆ ನಂಬಿಕೆ ಇಲ್ವಾ ನಿಂಗೆ?" ಎಂದ.

"ಇದೆ. ಅಮ್ಮನ ಮೇಲೂ ಇದೆ. ಮಲಗೋ ಮುಂಚೆ ಗ್ಯಾಸ್ ಮಾತ್ರ ನಾನೇ ಆಫ್ ಮಾಡೋದು."

ಉಮ್ಮ್ ಸುಫ್ಯಾನರಿಗೆ ಕ್ಷಮೆ ಕೇಳುವ ಮೆಸೇಜನ್ನೂ ಸಹಾಯಕನಿಂದಲೇ ಬರೆಸೋಣ ಅಂತಾನೆ ಗಸ್ಸಾನ್! ಆಗದು. ಬೆಳಿಗ್ಗೆ ಫೋನ್ ಮಾಡುತ್ತೇನೆ. ಬಿಸಿಲಲ್ಲಿ ಕೂತಿದ್ದವರು ಅವರು. "ತಪ್ಪು ನಮ್ದು, ಖಾಲಾ, ಚಿಕ್ಕಮ್ಮಾ" ಅನ್ನುವುದನ್ನು ನನ್ನ ಬಾಯಿಂದಲೇ ಕೇಳಲಿ. ಬೈದರೆ ಬೈಯಲಿ, ಆಮೇಲೆ ಆಸ್ಪತ್ರೆ ತೆರೆದಿರುವ ದಿನವೊಂದನ್ನು ನಾನೇ ಗೊತ್ತುಮಾಡಿ ಕೊಡುತ್ತೇನೆ.