ಮೇಷ್ಟ್ರು ಮುಗಿಸದ ವಾಕ್ಯ

ಪ್ರೀತಿಯ ಮೇಷ್ಟ್ರೇ,

ಅಧ್ಯಕ್ಷರೇ ಎಂದು ನಿಮ್ಮನ್ನು ಎಂದೂ ಕರೆದವಳಲ್ಲ, ಈಗ ಹೊಸದಾಗಿ ಶುರುಮಾಡುವುದು ಬೇಡ. ದೇಶಕ್ಕೆ ದೇಶವೇ ನಿಮ್ಮನ್ನು ಮೇಷ್ಟ್ರು ಎಂದಿತು. ಅಷ್ಟು ದೊಡ್ಡ ಕುರ್ಚಿಗೆ ಬಂದ ಮೇಲೂ ಪಾಠ ಹೇಳುವ ಚಾಳಿ ನಿಮ್ಮನ್ನು ಬಿಡಲಿಲ್ಲ. ವಾಕ್ಯದ ಕೊನೆಗೆ ಬಂದು ಗಕ್ಕನೆ ನಿಲ್ಲುವಿರಿ. ಮಕ್ಕಳ ಬಾಯಿಂದಲೇ ಉತ್ತರ ಬರಲಿ ಎಂಬಂತೆ ಕನ್ನಡಕದ ಮೇಲಿಂದ ಸಭೆಯನ್ನು ನೋಡುವಿರಿ. ಜನಕ್ಕೆ ಅದು ಖುಷಿ. ಸಭಾಂಗಣದ ಹಿಂದಿನ ಗಾಜಿನ ಗೂಡಿನಲ್ಲಿ ಕೂತು, ನಿಮ್ಮ ಭಾಷಣವನ್ನು ವಿದೇಶಿ ಅತಿಥಿಗಳ ಕಿವಿಗೆ ಅವರ ಭಾಷೆಯಲ್ಲಿ ದಾಟಿಸುತ್ತಿದ್ದ ನನಗೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು.

ನಮ್ಮ ಭಾಷೆಯಲ್ಲಿ ಮಾಡುತ್ತೇವೋ ಮಾಡುವುದಿಲ್ಲವೋ ಎನ್ನುವುದು ತಿಳಿಯುವುದು ಕಟ್ಟಕಡೆಗೆ. ಅವರ ಭಾಷೆಗೆ ಅದು ಮೊದಲೇ ಬೇಕು. ನೀವು ಕ್ರಿಯಾಪದ ಹೇಳದೆ ನಾನು ಬಾಯಿ ತೆರೆಯುವಂತಿರಲಿಲ್ಲ. ಬರಬರುತ್ತಾ ನಿಮ್ಮ ಮನಸ್ಸನ್ನು ಊಹಿಸಿ ನಿಮಗಿಂತ ಮುಂಚೆಯೇ ವಾಕ್ಯ ಮುಗಿಸತೊಡಗಿದೆ. ಒಂದು ದಿನ ನೀವಿನ್ನೂ ಹೇಳಿ ಮುಗಿಸದ ತಮಾಷೆಗೆ ಅತಿಥಿಗಳು ಗೊಳ್ಳೆಂದು ನಕ್ಕರು. ಆಮೇಲೆ ಕಾರಿಡಾರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಏನಮ್ಮಾ ಮಾತಿನಮಲ್ಲಿ, ನಾನು ಮನೆಗೆ ಹೋಗಿ ಮಲಗ್ಲಾ? ದೇಶಾನೂ ನೀನೇ ನೋಡ್ಕೋತೀಯಾ?" ಎಂದಿರಿ. ನೀವು ಕಾಲೆಳೆದದ್ದನ್ನು ಮನೆಯವರಿಗೆಲ್ಲ ಹೇಳಿಕೊಂಡು ಬೀಗಿದೆ. ನನ್ನ ಗಂಡ ಕೇಳಿ ಕೇಳಿ ಸುಸ್ತಾದ.

ಆ ಬೆಳಿಗ್ಗೆ ನೀವು ನಗಲಿಲ್ಲ. ಗಡಿಯ ಹೊಳೆಯಾಚೆ ಯುದ್ಧ ಹತ್ತಿಕೊಂಡಿತ್ತು. ಅಲ್ಲಿಂದ ಓಡಿಬಂದವರು ನಮ್ಮ ಶಾಲೆಗಳಲ್ಲಿ, ಗೋದಾಮುಗಳಲ್ಲಿ ಮಲಗಿದ್ದರು. ಅವರನ್ನು ವಾಪಸು ಅಟ್ಟಿ ಎಂದು ಅರ್ಧ ಊರು ಕೂಗುತ್ತಿತ್ತು. ಗೂಡಿನ ಬಾಗಿಲಲ್ಲಿ ತಲೆಹಾಕಿ, "ಇವತ್ತಿನ ಮಾತು ಸೂಕ್ಷ್ಮ. ನಾನು ಹೇಳೋ ತನಕ ನೀನು ಹೇಳಬೇಡ" ಎಂದಿರಿ. ಹಾಗೇ ಮಾಡಿದೆ.

"ಹೊಳೆ ದಾಟಿ ಬಂದವರನ್ನು ನಾವು ಯಾವ ಕಾಲಕ್ಕೂ" ಎಂದು ನಿಂತಿರಿ. ನಾನೂ ಕಾದೆ. ಹೆಡ್‌ಫೋನಿನಲ್ಲಿ ಕೇಳಿಸಿದ್ದು ಯಾರೋ ಕುರ್ಚಿ ಬೀಳಿಸಿದ ಸದ್ದು ಎಂದುಕೊಂಡೆ. ನೀವು ಬಗ್ಗಿದಿರಿ, ಕೆಳಗೆ ಬಿದ್ದ ಕಾಗದ ಹುಡುಕುವವರಂತೆ. ಎಂದೂ ಕಾಗದ ಹಿಡಿದು ಮಾತಾಡಿದವರಲ್ಲವಲ್ಲ ಎಂದು ಹೊಳೆಯುವಷ್ಟರಲ್ಲಿ ಕೆಳಗೆ 'ಗುಂಡು, ಗುಂಡು' ಎಂಬ ಚೀರಾಟ ಎದ್ದಿತ್ತು.

ಈಗ ಊರ ಗೋಡೆಗಳ ಮೇಲೆಲ್ಲ ನಿಮ್ಮದೇ ವಾಕ್ಯ. ಈ ಬೀದಿಯಲ್ಲಿ 'ಕೈಬಿಡುವುದಿಲ್ಲ', ಮುಂದಿನ ಬೀದಿಯಲ್ಲಿ 'ಒಳಗೆ ಬಿಡುವುದಿಲ್ಲ'. ಎರಡರ ಕೆಳಗೂ ನಿಮ್ಮ ಚಿತ್ರ. ಬಿಡುವುದಿಲ್ಲ ಎನ್ನುವುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತ. ನಿಮಗೆ ಇದನ್ನು ಹೇಳಿ ನಗಬೇಕು ಎಂದು ಎಷ್ಟು ಸಲ ಅನಿಸಿದೆಯೋ.

ಇವತ್ತು ಸ್ಮಾರಕ ಸಮಿತಿಯವರು ನನ್ನ ಆಫೀಸಿಗೇ ಬಂದಿದ್ದರು. ಆ ವಾಕ್ಯವನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರಂತೆ, ಪೂರ್ತಿಯಾಗಿ. ಅವರಲ್ಲಿ ಹಿರಿಯರಾದ ನಿವೃತ್ತ ನ್ಯಾಯಾಧೀಶರು, "ಅವರ ನಾಲಿಗೆ ಆಗಿದ್ದವರು ನೀವು. ಒಂದು ಪದ ಹೇಳಿಬಿಡಿ, ಯಾರೂ ಎದುರಾಡಲ್ಲ" ಎಂದರು. ಪದ ನಾಲಿಗೆಯ ತುದಿಯಲ್ಲೇ ಇತ್ತು. ಸರಕಾರಿ ಬಂಗಲೆಯ ಅರ್ಧವನ್ನು ಹೊಳೆ ದಾಟಿ ಬಂದವರಿಗೆ ಕೊಟ್ಟು, ಟವೆಲು ಹೆಗಲಿಗೇರಿಸಿ ಬಚ್ಚಲಿನ ಸರದಿಯಲ್ಲಿ ನಿಂತವರು ನೀವು. ನೀವು ಏನನ್ನುತ್ತಿದ್ದಿರಿ ಎಂದು ನನಗೆ ಗೊತ್ತಿಲ್ಲವೇ? ಆದರೆ ನಾನು ಊಹಿಸುತ್ತಿದ್ದ ಕಾಲದಲ್ಲಿ, ತಪ್ಪಿದರೆ ತಿದ್ದಲು ನೀವಿದ್ದಿರಿ. ಈಗ ನಿಮ್ಮ ಹೆಸರಲ್ಲಿ ನಾನು ಏನೇ ಹೇಳಿದರೂ ಅದೇ ಸರಿ ಆಗಿಬಿಡುತ್ತದೆ. "ಅವರು ಹೇಳಲಿಲ್ಲ" ಎಂದೆ. ಮುಖ ಸಿಂಡರಿಸಿಕೊಂಡು ಎದ್ದುಹೋದರು.

ಲೋಟ ಒಯ್ಯಲು ಬಂದ ಚಹಾದ ಹೆಂಗಸು ಅಲ್ಲೇ ನಿಂತಳು. ಹೊಳೆ ದಾಟಿ ಬಂದವಳು, ನಮ್ಮ ಭಾಷೆಯನ್ನು ಇಲ್ಲಿಗೆ ಬಂದ ಮೇಲೆ ಕಲಿತವಳು. "ಅಕ್ಕಾ, ಆ ಮಾತಲ್ಲಿ ಬರೋದು ನಾವೇ ತಾನೆ? ನಮ್ಮನ್ನ ಏನ್ ಮಾಡ್ತೀರಿ?" ಎಂದಳು. ನೀವು ಏನು ಹೇಳಿದಿರಿ ಎಂದು ಅವಳು ಕೇಳಲೇ ಇಲ್ಲ, ಮೇಷ್ಟ್ರೇ.

ನಿಮ್ಮ ಬಾಯಿಗೆ ಪದ ತುರುಕಲಿಲ್ಲ. ನನ್ನ ಬಾಯಿಂದಲೇ ಹೇಳಿದೆ. "ನಾನಂತೂ ಕೈಬಿಡಲ್ಲ ಕಣಮ್ಮ."

ಅವಳು ನನ್ನನ್ನೇ ನೋಡುತ್ತಾ, "ನೀವೊಬ್ರೇನಾ?" ಎಂದಳು.

"ಸದ್ಯಕ್ಕೆ" ಎಂದೆ. ಅವಳು ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ಹೋದಳು.

ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ನೀವು 'ನಾವು' ಎಂದರೆ ಅದರೊಳಗೆ ಊರಿಗೆ ಊರೇ ಬಂದು ಕೂರುತ್ತಿತ್ತು, ಮುನಿಸಿಕೊಂಡವರೂ ಗೊಣಗುತ್ತಾ ಬಂದು ಕೂರುತ್ತಿದ್ದರು. ನಾನು ಎಷ್ಟು ಎಳೆದರೂ ಅದು 'ನಾನು' ಆಗಿಯೇ ಉಳಿಯುತ್ತದೆ. ನಾಳೆ ಪಕ್ಕದ ಕೋಣೆಯವರನ್ನು ಕೇಳಿ ನೋಡುತ್ತೇನೆ. ಅವರು ಹೂಂ ಅಂದರೆ ಇಬ್ಬರಾಗುತ್ತೇವೆ. ಇಬ್ಬರಾದರೆ 'ನಾವು' ಅನ್ನಬಹುದಲ್ಲವೇ, ಮೇಷ್ಟ್ರೇ?

ನೀವಿರುವ ಕಡೆ ನಿಮಗೆ ನೆಮ್ಮದಿಯಿರಲಿ, ಮಾತು ಮುಗಿಸುವಷ್ಟು ಹೊತ್ತು ಸಿಗಲಿ.

ನಿಮ್ಮ,
ಮಾತಿನಮಲ್ಲಿ